ಮನೆಗೊಂದು ನಂಬರು

ಕ್ಲೌಡ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದನ್ನು ನಮ್ಮ ಹೊಸಂಗಡಿಗೆ ಹೊತ್ತು ತಂದವನು ನನ್ನಲ್ಲೇ ಕೆಲಸ ಕಲಿತವನು.

ಹೊಸಂಗಡಿಯ ರಕ್ತ ಪರೀಕ್ಷೆಯ ಲ್ಯಾಬಿಗೆ ನಾನು ಪ್ರೋಗ್ರಾಂ ಬರೆದದ್ದು ಎರಡು ಸಾವಿರದ ನಾಲ್ಕರಲ್ಲಿ. ಬರೆಯುವ ಮೊದಲು ಒಂದು ವಾರ ಅಲ್ಲಿಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ. ನನ್ನ ಕ್ರಮವೇ ಅದು. ಬಂದವರು ಬರೀ ಹೆಸರು ಹೇಳಿದರೆ ಅಲ್ಲಿ ಸಾಕಾಗುತ್ತಿರಲಿಲ್ಲ. ಯಾವ ಮನೆ, ಯಾರ ಸೊಸೆ, ಯಾರ ತಾಯಿ ಎಂದು ವಿಚಾರಿಸಿದ ಮೇಲೆಯೇ ಸೂಜಿ. ಒಂದೇ ಹೆಸರಿನವರು ಒಂದೇ ಬಸ್ಸಿನಿಂದ ಇಳಿಯುವ ಊರಿದು. ಹಾಗಾಗಿ ನಾನು ಹೆಸರಿನ ಕೆಳಗೆ ಮನೆಹೆಸರಿಗೂ ಸಂಬಂಧಕ್ಕೂ ಜಾಗ ಇಟ್ಟೆ. ನೋಡಲು ಚಂದವಿರಲಿಲ್ಲ. ತೊಂದರೆ ಬಂದರೆ ನನ್ನೂರು ಮೀಂಜದಿಂದ ಬಸ್ಸು ಹಿಡಿದು ಹೋಗಿ, ಅಲ್ಲೇ ಕೂತು ಸರಿ ಮಾಡಿ ಬರುತ್ತಿದ್ದೆ.

ಹದಿಮೂರು ವರ್ಷ ಅದು ನಡೆಯಿತು. ಆಮೇಲೆ ನನ್ನಲ್ಲಿ ಕಲಿತ ನಮ್ಮ ಮಹಾಶಯ ಕೊಚ್ಚಿಯ ಯಾವುದೋ ಕಂಪನಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದ. ಅವನು ಈಗ ಕೋಡ್ ಬರೆಯುವುದಿಲ್ಲವಂತೆ. ಯಾರೋ ಮಾಡಿಟ್ಟ ತುಂಡುಗಳನ್ನು ಪರದೆಯ ಮೇಲೆ ಎಳೆದು ಜೋಡಿಸುವುದಂತೆ. ವಿವರವೆಲ್ಲ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇರುವುದಂತೆ. ದಿನಾ ಬೆಳಿಗ್ಗೆ ಹತ್ತು ಜನ ಹತ್ತು ಊರಿನಿಂದ ವೀಡಿಯೊದಲ್ಲಿ ಸಭೆ ಸೇರುವುದಂತೆ. ಆ ಹತ್ತರಲ್ಲಿ ಒಬ್ಬನೂ ಲ್ಯಾಬಿನ ಬೆಂಚು ಕಂಡವನಲ್ಲ. ರಿಪೋರ್ಟು ಮೊಬೈಲಿಗೇ ಬರುವುದನ್ನು ತೋರಿಸಿದ್ದೇ ತಡ, ಲ್ಯಾಬಿನ ಯಜಮಾನರು ಮರುಳಾದರು. ಸ್ವಲ್ಪ ನಿಧಾನಿಸಿ ಎಂದು ನಾನು ಬಾಯಿ ತೆರೆದೆ.

“ನಿಮ್ಮದೆಲ್ಲ ಇನ್ನು ಮ್ಯೂಸಿಯಮ್ಮಿಗೆ, ಮಾರಾಯ್ರೆ” ಎಂದು ಅವನು ನಕ್ಕ.

ಅವರ ಪ್ರೋಗ್ರಾಂ ಮನುಷ್ಯರನ್ನು ಗುರುತಿಸುವುದು ಮೊಬೈಲ್ ನಂಬರಿನಿಂದ. ಎಂಥ ಬುದ್ಧಿವಂತರು! ನಮ್ಮಲ್ಲಿ ಗಂಡ ಗಲ್ಫಿನಲ್ಲಿರುವ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು. ನನ್ನ ಅಕ್ಕನ ಮನೆಯೂ ಹಾಗೆಯೇ. ಭಾವ ದುಬೈಯಲ್ಲಿ, ಇಲ್ಲಿ ಅಕ್ಕ ಮತ್ತು ಅವಳ ಅತ್ತೆ. ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟರು, ಒಂದೇ ನಂಬರು ಹೇಳಿದರು. ಪ್ರೋಗ್ರಾಮಿನ ಲೆಕ್ಕದಲ್ಲಿ ಇಬ್ಬರೂ ಒಬ್ಬರೇ. ಮೊದಲು ಬರೆದ ಅಕ್ಕನ ಹೆಸರು ಉಳಿಯಿತು, ಆಮೇಲೆ ಬಂದ ಅತ್ತೆಯ ಸಕ್ಕರೆ ಅದಕ್ಕೆ ಅಂಟಿತು. ಕಾಯಿಲೆ ಇಲ್ಲದ್ದಕ್ಕೇ ತನಗೆ ರಿಪೋರ್ಟು ಬರಲಿಲ್ಲವೆಂದು ಅತ್ತೆ ಖುಷಿಯಲ್ಲಿ ಪಾಯಸ ಉಂಡರು. ಅಕ್ಕ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗತೊಡಗಿದಳು.

ವಾರದೊಳಗೆ ಅವಳು ಹೊಸಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದಳು. ಸಕ್ಕರೆ ಪಾತಾಳಕ್ಕೆ ಇಳಿದಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯಲ್ಲಿ. ಇಲ್ಲದ ಕಾಯಿಲೆಗೆ ಮದ್ದು ತಿಂದು ನನ್ನ ಅಕ್ಕ ಸಾಯುವುದರಲ್ಲಿದ್ದಳು. ನಾನು ನೇರ ನಮ್ಮ ಮಹಾಶಯನ ಮನೆಗೆ ಹೋದೆ.

“ಅದು ತಪ್ಪಲ್ಲ ಅಣ್ಣ, ಡಿಸೈನೇ ಹಾಗೆ” ಎಂದ. “ಮುಂದಿನ ಸ್ಪ್ರಿಂಟಿನಲ್ಲಿ ನೋಡುವ.”

ಸ್ಪ್ರಿಂಟ್ ಎಂದರೆ ಅವರ ಎರಡು ವಾರದ ಕೆಲಸದ ಕಂತು.

“ಅಷ್ಟರವರೆಗೆ ಅಕ್ಕ ಸಾಯದೆ ಕಾಯ್ಬೇಕಾ?” ಎಂದೆ. ಅವನು ಲ್ಯಾಪ್‌ಟಾಪ್ ನೋಡುತ್ತಾ ಕೂತ. ಕೆನ್ನೆಗೆ ಬಿಗಿಯಬೇಕು ಅನಿಸಿತು, ಅವನ ಅಮ್ಮ ಚಾ ತಂದರೆಂದು ಬಿಟ್ಟೆ.

ಅವರ ಸ್ಪ್ರಿಂಟು ಮುಗಿದು ಬಂದ ಪರಿಹಾರ ಇಷ್ಟೇ: ಒಂದು ನಂಬರಿಗೆ ಒಬ್ಬರು, ಎರಡನೆಯವರಿಗೆ ಜಾಗವಿಲ್ಲ. ಇದ್ದ ನಂಬರನ್ನು ಅತ್ತೆಯ ಹೆಸರಿಗೆ ಬದಲಾಯಿಸಿದರು. ಅಕ್ಕನನ್ನು ಮತ್ತೆ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ಬೇರೆ ನಂಬರು ಕೇಳಿದಳು, ಇಲ್ಲದಿದ್ದರೆ ಸ್ಕ್ರೀನ್ ಮುಂದೆ ಹೋಗುವುದಿಲ್ಲವಂತೆ.

“ಫೋನು ಇಲ್ಲದಿದ್ರೆ ಎಂತ ಮಗಾ, ರಕ್ತ ಉಂಟಲ್ಲ ನನಗೆ” ಎಂದಳು ಅಕ್ಕ. ಹುಡುಗಿ ಸ್ಕ್ರೀನನ್ನು ನಮ್ಮ ಕಡೆಗೆ ತಿರುಗಿಸಿ ನಂಬರಿನ ಖಾಲಿ ಜಾಗ ತೋರಿಸಿದಳು. ನಾನು ಹಲ್ಲು ಕಚ್ಚಿ ನನ್ನ ನಂಬರು ಕೊಟ್ಟೆ.

ಮರುವರ್ಷ ಜ್ವರ ಹಿಡಿದು ನಾನೇ ರಕ್ತ ಕೊಡಲು ಹೋದೆ. ನಂಬರು ಹೇಳಿದೆ. ಇದರಲ್ಲಿ ಒಬ್ಬರು ಹೆಂಗಸು ಇದ್ದಾರೆ, ಬೇರೆ ನಂಬರು ಉಂಟಾ ಎಂದು ಹುಡುಗಿ ಕೇಳಿದಳು. ಹಿಂದೆ ಒಂದು ವಾರ ಕೂತಿದ್ದ ಅದೇ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ. ಮತ್ತೆ ಎದ್ದು, ರಕ್ತ ಕೊಡಲು ಮಂಗಳೂರಿನ ಬಸ್ಸು ಹತ್ತಿದೆ.