ಗುಂಡನ ಹತ್ತು ದಿನ

ನನ್ನ ಹಳೆಯ ಡೈರಿಯ ಜೂನ್ ಹದಿನಾಲ್ಕರ ಪುಟದಲ್ಲಿ ‘ಸುಮಾಗೆ ನಾಯಿ ಕಚ್ಚಿತು’ ಎಂದಿದೆ. ಸುಮಾ ನಮ್ಮ ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯ ಹುಡುಗಿ, ಐದನೇ ಕ್ಲಾಸು. ಗಾಯಕ್ಕೆ ನಾನು ಕಾಫಿಪುಡಿ ಹಚ್ಚಲು ಹೋದೆ.

“ಬ್ಯಾಡಿ ಅಮ್ಮಾವ್ರೇ, ಸೋಪಲ್ಲಿ ಕಾಲು ಗಂಟೆ ತೊಳೀಬೇಕು. ಆಮೇಲೆ ಸೂಜಿ ಹಾಕ್ಸಿ,” ಎಂದಳು.

ಬಿ.ಎಸ್ಸಿ. ಓದಿದವಳು ನಾನು! ಅವಳ ಶಾಲೆಯಲ್ಲಿ ರೇಬಿಸ್ ಪಾಠ ಆಗಿತ್ತಂತೆ. ಆದರೂ ಸೂಜಿಯನ್ನು ತಾನಾಗಿ ಕೇಳುವ ಮಗುವನ್ನು ನಾನು ಕಂಡಿರಲಿಲ್ಲ.

“ಸಾಯ್ತೀನಂತ ಹೆದರಿಕೆನೇನೇ?”

“ಇಲ್ಲ. ನಂಗೆ ಸೂಜಿ ಹಾಕ್ಸಿ, ಕಚ್ಚಿದ ನಮ್ ಗುಂಡನ್ನ ಹತ್ತು ದಿನ ಕಟ್ಟಿ ನೋಡಿದ್ರೆ ಸಾಕು, ಕೊಲ್ಲಬಾರ್ದು ಅಂದವ್ರೆ ಮಿಸ್ಸು. ರೈಟ್ರು ಆಗ್ಲೇ ದೊಣ್ಣೆ ಹಿಡ್ಕಂಡು ಹೋದ್ರು, ಬೇಗ ಹೇಳಿ!”

ಓಡಿಹೋಗಿ, ತೋಟದ ಲೆಕ್ಕ ಬರೆಯುವ ರೈಟರನ್ನು ತಡೆದೆ. ಸುಮಾ ಉಳಿದಳು, ಗುಂಡನೂ ಉಳಿದ.

ಲಸಿಕೆ ಪುಕ್ಕಟೆ. ನಮಗೆ ಖರ್ಚಾದದ್ದು ಆಲೂರಿನ ಆಸ್ಪತ್ರೆಗೆ ನಾಲ್ಕು ಸಲ ಜೀಪು, ನಾಯಿಗೆ ಹತ್ತು ದಿನದ ಹಾಲನ್ನ, ಮತ್ತು ಸುಮಾಳ ಶಿಫಾರಸಿನ ಮೇಲೆ ಗುಂಡನಿಗೆ ದಿನಕ್ಕೊಂದು ಮೊಟ್ಟೆ.