ಮೆಣಸಿನಕಾಯಿ ಕೆಂಪು

ಕೆಂಪು ಇಂಕಿನ ಡಬ್ಬಿ ತೆಗೆದೆ. ಒಳಗೆ ಕೆಂಪಿರಲಿಲ್ಲ. ಒಣಗಿದ ಸಗಣಿಯಂಥ ಏನೋ ಒಂದು ಕಂದು.

ಇಂಕು ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಹಳೇ ಮಾಲು ನನ್ನ ತಲೆಗೆ ಕಟ್ಟಿದ್ದೀಯಾ ಅಂದೆ. ಪಾಪ, ಮರುದಿನವೇ ಹೊಸ ಡಬ್ಬಿ ಕಳಿಸಿದ.

ಅದೂ ಕಂದು.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ, ಮೊದಲು ಮಗ್ಗವಿದ್ದ ಕೋಣೆಯಲ್ಲಿ, ನಾನು ಟಿ-ಶರ್ಟ್ ಪ್ರಿಂಟ್ ಮಾಡುತ್ತೇನೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಕೊಳ್ಳುತ್ತಾರೆ. ದೇವರ ಚಿತ್ರ ಎಲ್ಲರೂ ಹಾಕುತ್ತಾರೆ. ನಾನು ದಾರಿಯಲ್ಲಿ ಕಿವಿಗೆ, ಮೂಗಿಗೆ, ಕಾಲಿಗೆ ತಾಗಿದ್ದನ್ನು ಬಣ್ಣ ಮಾಡುತ್ತೇನೆ. ಕಂಸಾಳೆ ಸದ್ದಿಗೆ ಒಂದರೊಳಗೊಂದು ಹಳದಿ ಬಳೆ. ಸಾಂಬ್ರಾಣಿ ಹೊಗೆಗೆ ಬೂದು ನೀಲಿ. ಕಾದ ಡಾಂಬರಿನ ಮೇಲೆ ಬರಿಗಾಲಿಟ್ಟ ಉರಿಗೆ ಮೆಣಸಿನಕಾಯಿ ಕೆಂಪು. ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದುದು ಆ ಉರಿಯೇ.

ಆಗ ನನ್ನ ಟಿ.ಬಿ. ಚಿಕಿತ್ಸೆಗೆ ಮೂರನೇ ತಿಂಗಳು. ಕೆಮ್ಮು ನಿಂತಿತ್ತು. ತೂಕ ಏರುತ್ತಿತ್ತು. ಗೆದ್ದೆ ಅಂದುಕೊಂಡಿದ್ದೆ. ಮಾತ್ರೆ ಶುರು ಮಾಡುವಾಗ ಡಾಕ್ಟರ್ ಹೇಳಿದ್ದರು: "ಕಣ್ಣು ಮಂಜಾದ್ರೆ, ಬಣ್ಣ ಬೇರೆ ಥರ ಕಂಡ್ರೆ, ಅವತ್ತೇ ಬರಬೇಕಮ್ಮ." ತಲೆಯಾಡಿಸಿದ್ದೆ.

ಹೋಗಲಿಲ್ಲ.

ನಮ್ಮದು ರೇಷ್ಮೆ ನೇಯ್ದ ಮನೆ. ಬಣ್ಣ ಹಾಕಿದ ನೂಲಿನ ಲಡಿಯನ್ನು ಹೊಸ್ತಿಲಲ್ಲಿ ಬೆಳಗಿನ ಬಿಸಿಲಿಗೆ ಹಿಡಿದು ಬಣ್ಣದ ಹೆಸರು ಹೇಳುವುದು ನಮಗೆ ಅಕ್ಷರಕ್ಕಿಂತ ಮೊದಲಿನ ಪಾಠ. ತಪ್ಪಿದರೆ ಅವ್ವ "ಕುರುಡಿ" ಅಂದು ಮನೆಯವರನ್ನೆಲ್ಲ ನಗಿಸುತ್ತಿದ್ದಳು. ನಾನು ಒಂದು ಸಲವೂ ತಪ್ಪಿದವಳಲ್ಲ. ಮೂವತ್ತೆಂಟನೇ ವಯಸ್ಸಿನಲ್ಲಿ "ಗೊತ್ತಾಗ್ತಿಲ್ಲ" ಅನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಕಲಸಿಟ್ಟ, ಚೀಟಿಯಿಲ್ಲದ ಡಬ್ಬಿಗಳನ್ನು ಸಾಲಾಗಿ ಇಟ್ಟು, ಯಾವುದು ಎಲ್ಲಿ ಎಂದು ಬಾಯಿಪಾಠ ಮಾಡಿಕೊಂಡೆ. ಎಂಥಾ ಜಾಣತನ ನೋಡಿ! ಐದು ವಾರ ಹಾಗೇ ತಳ್ಳಿದೆ.

ಒಂದು ದಿನ ಅವ್ವ ಕೋಣೆ ಗುಡಿಸುವಾಗ ಡಬ್ಬಿಗಳು ಅದಲುಬದಲಾದವು. ನನಗೆ ತಿಳಿಯಲಿಲ್ಲ. ಬೆಟ್ಟಕ್ಕೆ ಹೊರಟಿದ್ದ ಹನೂರಿನ ತಂಡದವರು ಟಿ-ಶರ್ಟ್ ಗಂಟನ್ನು ವಾಪಸ್ ತಂದರು.

"ಅಕ್ಕ, ಉರಿ ಅಂದಿದ್ರಿ. ಇದು ಎಲೆ ಹಸುರು ಕಣಕ್ಕ," ಅಂದು ನಕ್ಕರು.

ಅವ್ವ ನಗಲಿಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆಯಿಂದ ಹಳೇ ಲಡಿಯೊಂದನ್ನು ತೆಗೆದು ಹೊಸ್ತಿಲಲ್ಲಿ ಹಿಡಿದಳು.

"ಇದ್ಯಾವ ಬಣ್ಣ ಯೋಳು ಮಗ."

"ಕಾಫಿಪುಡಿ."

ಅವಳು ಲಡಿಯನ್ನು ಮಡಿಲಿಗಿಳಿಸಿದಳು. "ನನ್ ಧಾರೆ ಸೀರೆ ನೂಲು ಕಣವ್ವ. ಕೆಂಪು."

ಡಾಕ್ಟರ್ ಕೇಳಿದರು, "ಎಷ್ಟು ದಿನದಿಂದ?"

"ಐದು ವಾರ ಸಾ."

ಅವರು ಪೆನ್ನು ಕೆಳಗಿಟ್ಟರು. ಟಿ.ಬಿ. ಮಾತ್ರೆಗಳಲ್ಲಿ ಎಥಾಂಬ್ಯುಟಾಲ್ ಅನ್ನುವುದು ಅವತ್ತೇ ನಿಂತಿತು. ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು, ಒಳಗಿನ ಅಂಕಿ ಓದಿ ಅಂದರು. ಬರೀ ಚುಕ್ಕಿ. ಪುಟ ತಿರುವಿದರು. ಬರೀ ಚುಕ್ಕಿ. ಮಾತ್ರೆಯಿಂದ ಕಣ್ಣಿನ ನರಕ್ಕೆ ಪೆಟ್ಟಾಗಿದೆ, ಮೊದಲ ವಾರವೇ ಬಂದಿದ್ದರೆ ಪೂರ್ತಿ ಸರಿಹೋಗುವ ಆಸೆ ಹೆಚ್ಚಿತ್ತು, ಈಗ ಕಾದು ನೋಡಬೇಕು ಅಂದರು. ಬಸ್ಸಿನಲ್ಲಿ ನರಸೀಪುರದವರೆಗೂ ಅತ್ತೆ. ನನ್ನ ಜಂಭಕ್ಕೆ ನನ್ನ ಕೆಂಪನ್ನು ನಾನೇ ಕಳೆದುಕೊಂಡಿದ್ದೆ.

ಹತ್ತು ತಿಂಗಳಾಯಿತು. ಟಿ.ಬಿ. ವಾಸಿಯಾಗಿದೆ. ಬದುಕಿದ್ದೇನೆ, ಅದೇನು ಸಣ್ಣದಲ್ಲ. ಮಾಸಿದ್ದ ನೀಲಿ, ಹಳದಿ ತಿರುಗಿ ಬಂದವು. ಹಸುರು ಅರೆಬರೆ. ಕೆಂಪು ಬಂದಿಲ್ಲ. ಸಂತೆಯಲ್ಲಿ ಟೊಮೆಟೊ ಹಣ್ಣೋ ಕಾಯೋ ಎಂದು ಒತ್ತಿ ನೋಡುತ್ತೇನೆ, ಮಾರುವವಳು ಬೈಯುತ್ತಾಳೆ.

ಉರಿಯ ಟಿ-ಶರ್ಟ್ ನಿಲ್ಲಿಸಿಬಿಡೋಣ ಅಂದೆ. ಅವ್ವ ಕೇಳಲಿಲ್ಲ. "ನೀ ಬರಿ, ನಾ ಕಲಸ್ತೀನಿ," ಅಂದು ಪ್ಲಾಸ್ಟಿಕ್ ಮಗ್ಗಿನಲ್ಲಿ ಇಂಕು ಕಲಸುತ್ತಾ ಕೂತಳು. ಹೋದ ವಾರ ಅದನ್ನು ಹೊಸ್ತಿಲ ಬಿಸಿಲಿಗೆ ಹಿಡಿದು ನನ್ನನ್ನು ಕರೆದಳು.

"ನೋಡು ಮಗ, ಸರಿಯಾಗದಾ?"

ನೋಡಿದೆ. ಕಂದು.

"ಗೊತ್ತಾಗಲ್ಲ ಕಣವ್ವ," ಅಂದೆ. ಅವಳೆದುರು ಆ ಮಾತು ಆಡಿದ್ದು ಅದೇ ಮೊದಲು.

ಅವ್ವ ಕುರುಡಿ ಅನ್ನಲಿಲ್ಲ. ಮಗ್ಗಿಗೆ ಇನ್ನೊಂದು ಚಮಚ ಇಂಕು ಹಾಕಿ ಕಲಸಿದಳು.

"ಈಗ ಸುಡ್ತದಾ ಅವ್ವ?"

"ಸುಡ್ತದೆ ಕಣ್ ಮಗ."

ನಾನು ಟಿ-ಶರ್ಟಿನ ಮೇಲೆ ಅಚ್ಚಿನ ಜಾಲರಿ ಇಟ್ಟು, ಇಂಕು ಸುರಿದು, ರಬ್ಬರ್ ಪಟ್ಟಿಯಿಂದ ಎಳೆದೆ.