ಪಾಠ ನೋಡಲು ಬಂದ ಮೇಷ್ಟ್ರು

ಪಾಲಮ್ಮ ಟೀಚರ್ ರಾಯದುರ್ಗದ ಕಡೆಯವರು. ವರ್ಗವಾಗಿ ಆಂಧ್ರದ ಗಡಿಯಲ್ಲಿರುವ ಅಗಳಿ ಹತ್ತಿರದ ಊರೊಂದರ ಕನ್ನಡ ಶಾಲೆಗೆ ಬಂದು ಒಂಬತ್ತು ವರ್ಷವಾಗಿತ್ತು. ಒಂದರಿಂದ ಐದನೇ ತರಗತಿವರೆಗೆ ಹತ್ತೊಂಬತ್ತು ಮಕ್ಕಳು, ಒಂದೇ ಕೋಣೆ, ಇವರೊಬ್ಬರೇ ಟೀಚರ್. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ರಾಯದುರ್ಗದ ದಾರಿಯೂ ಮರೆತಂತಾಗಿತ್ತು. ಸಂಜೆ ಅಗಳಿಯ ಬಾಡಿಗೆ ಕೋಣೆಯ ಬೀಗ ತೆಗೆದು ಒಳಗೆ ಹೋದರೆ, ಮಾರನೆಯ ಬೆಳಿಗ್ಗೆ ಆಟೊ ಹತ್ತುವವರೆಗೆ ಯಾರೊಂದಿಗೂ ಒಂದು ಮಾತಿಲ್ಲ.

ತರಬೇತಿಗಳಿಗೇನೂ ಕಡಿಮೆಯಿರಲಿಲ್ಲ. ಮಡಕಶಿರದಲ್ಲಿ ಮೂರು ದಿನ ಕೂರಿಸುತ್ತಿದ್ದರು. ಪಾಲಮ್ಮನಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು, ಆದರೆ ಅಲ್ಲಿ ಹೇಳಿಕೊಡುತ್ತಿದ್ದದ್ದು ತೆಲುಗು ಅಕ್ಷರ ಕಲಿಸುವ ಬಗೆಯನ್ನು. ಇನ್ನು ಫೋನಿನ ಕೋರ್ಸುಗಳು: ವಿಡಿಯೊ ನೋಡಿ, ಕೊನೆಗೆ ಸರಿಯುತ್ತರ ಒತ್ತಿದರೆ ಸರ್ಟಿಫಿಕೇಟು. ಅಂಥವು ಹದಿನಾಲ್ಕು ಬಂದಿದ್ದವು. ಶಾಲೆಯಲ್ಲಿ ಮಾತ್ರ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಮೂರನೇ ತರಗತಿಯ ಶ್ರಾವಣಿಯ ದನಿ ಹೇಗಿದೆ ಎಂಬುದೇ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಒಂದು ಮೀಟಿಂಗಿನಲ್ಲಿ ತರಬೇತಿ ಕೊಡುವ ಜಗದೀಶ್, ನಿಮಗೆ ಯಾವ ರೀತಿ ಕಲಿಯಲು ಅನುಕೂಲ ಎಂದು ಎಲ್ಲರನ್ನೂ ಕೇಳಿದರು. ಒಬ್ಬರು ಫೋನೇ ಸಾಕು ಎಂದರು, ಇನ್ನೊಬ್ಬರು ಪುಸ್ತಕ ಎಂದರು. ಪಾಲಮ್ಮ ಎದ್ದು ನಿಂತರು.

"ನಾ ಪಾಠ ಮಾಡೋದನ್ನ ಯಾರರ ಕೂತು ನೋಡಬೇಕ್ರಿ ಸರ. ತಪ್ಪಿದ್ರ ಹೇಳಬೇಕು."

ಅಕ್ಕಪಕ್ಕದವರು ನಕ್ಕರು. ಜಗದೀಶ್ ನಗಲಿಲ್ಲ. "ಕನ್ನಡ ಶಾಲೆಗಳಲ್ಲಿ ಎಲ್ಲಾ ಒಬ್ಬೊಬ್ಬರೇ ಇದಾರೆ ಮೇಡಂ. ಯಾರಾದ್ರೂ ನಿಮ್ಮ ಶಾಲೆಗೆ ಬಂದ್ರೆ ಅವರ ಶಾಲೆ ನೋಡೋರ್ಯಾರು?" ಎಂದರು.

ಆ ಭಾನುವಾರ ಪಾಲಮ್ಮ ಬಸ್ಸು ಹಿಡಿದು ಹೇಮಾವತಿ ಎಂಬ ಊರಿಗೆ ಹೋದರು. ಅಲ್ಲಿ ಹಿಂದೆ ಕನ್ನಡ ಶಾಲೆಯಲ್ಲಿದ್ದ ಚಿಕ್ಕತಿಮ್ಮಯ್ಯ ಎಂಬ ನಿವೃತ್ತ ಮೇಷ್ಟ್ರಿದ್ದರು. ತಮ್ಮ ಪಾಠ ನೋಡಲು ಬರಬೇಕೆಂದು ಪಾಲಮ್ಮ ಅವರನ್ನು ಕೇಳಿಕೊಂಡರು.

"ರಿಟೈರ್ ಆಗಿ ಹದಿನೆಂಟು ವರ್ಷ ಆಯ್ತಮ್ಮ. ಈಗಿನ ಪಾಠ ನಂಗೇನ್ ಗೊತ್ತು?"

"ಪಾಠ ಬ್ಯಾಡ್ರಿ ಸರ. ನನ್ನ ನೋಡ್ರಿ, ಸಾಕು."

ಮಂಗಳವಾರ ಮುದುಕರು ಆಟೊದಲ್ಲಿ ಬಂದು ಮಕ್ಕಳ ಹಿಂದೆ ಕೂತರು. ಮಧ್ಯಾಹ್ನದ ಊಟದವರೆಗೆ ನೋಡುತ್ತಲೇ ಇದ್ದರು. ಕೈ ತೊಳೆದ ಮೇಲೆ ಮೆಲ್ಲಗೆ ಹೇಳಿದರು: "ಪ್ರಶ್ನೆ ಚೆನ್ನಾಗಿ ಕೇಳ್ತೀಯಮ್ಮ. ಆದ್ರೆ ಉತ್ತರಾನೂ ನೀನೇ ಹೇಳ್ಬಿಡ್ತೀಯ. ಮಕ್ಕಳು ಉಸಿರು ಎಳ್ಕೊಳ್ಳೋಷ್ಟ್ರಲ್ಲಿ ಮುಗಿದೋಗಿರ್ತೈತೆ."

ಕೈ ಒರೆಸಿಕೊಳ್ಳುತ್ತಾ, "ಮನೇಲಿ ಒಬ್ಬಳೇ ಇರೋದಾ?" ಎಂದು ಕೇಳಿದರು.

"ಹೌದ್ರಿ," ಎಂದು ಪಾಲಮ್ಮ ತಟ್ಟೆ ತೊಳೆಯಲು ಆ ಕಡೆ ತಿರುಗಿದರು.

ಚಿಕ್ಕತಿಮ್ಮಯ್ಯ ಇನ್ನೆರಡು ಸಲ ಬಂದರು. ಆಮೇಲೆ ಮಂಡಿನೋವು ಜಾಸ್ತಿಯಾಗಿ ಮಗಳು ಹಿಂದೂಪುರಕ್ಕೆ ಕರೆದೊಯ್ದಳು. ನೋಡುವವರು ಮತ್ತೆ ಇಲ್ಲವಾದರು.

ಪಾಲಮ್ಮ ಫೋನನ್ನು ಕಿಟಕಿಯ ಮೇಲಿಟ್ಟು ತಮ್ಮ ಪಾಠವನ್ನು ತಾವೇ ರೆಕಾರ್ಡ್ ಮಾಡತೊಡಗಿದರು. ಮೊದಲ ಸಂಜೆ ಕೇಳಿದಾಗ ನಾಚಿಕೆಯಾಯಿತು. ಅವರದೇ ದನಿ, ನಿಲ್ಲದೆ, ಉದ್ದಕ್ಕೂ. ಮರುದಿನದಿಂದ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದನ್ನು ಕಲಿಯತೊಡಗಿದರು. ಅದು ಕಷ್ಟವಾಯಿತು. ತರಗತಿಯಲ್ಲಿ ಸದ್ದಡಗಿದರೆ ಸಾಕು, ಬಾಡಿಗೆ ಕೋಣೆಯ ಗೋಡೆಗಳು ಅಲ್ಲಿಗೂ ಬಂದು ನಿಂತಂತಾಗುತ್ತಿತ್ತು, ಬಾಯಿಗೆ ಬಂದ ಉತ್ತರವನ್ನು ನುಂಗಿಕೊಳ್ಳಬೇಕಾಗುತ್ತಿತ್ತು.

ಮೂರು ವಾರವಾದ ಮೇಲೆ ಒಂದು ದಿನ, ಶೇಂಗಾ ಮಣ್ಣಿನೊಳಗೆ ಹೇಗೆ ಕಾಯಿ ಕಟ್ಟುತ್ತದೆ ಎಂದು ಕೇಳಿ ನಿಂತರು. ಹೊರಗೆ ಕೋಳಿಯೊಂದು ಕೆದಕುತ್ತಿತ್ತು. ಪಾಲಮ್ಮ ಬಳಪವನ್ನು ಬಿಗಿಯಾಗಿ ಹಿಡಿದು ಕಾದರು.

"ಕಡ್ಲೇಕಾಯಿ ಗಿಡ್ದಾಗೆ ಹೂ ಬಾಡಿದ್ಮೇಲೆ ಸೂಜಿ ತರ ಒಂದು ಇಳೀತೈತೆ ಮಿಸ್," ಎಂದಳು ಶ್ರಾವಣಿ. "ಅದು ಮಣ್ಣಿಗೆ ಹೋಗಿ ಕಾಯಾಗ್ತೈತೆ. ನಮ್ಮವ್ವ ತೋರ್ಸವ್ಳೆ."

ತೆಳ್ಳಗಿನ ದನಿ, ತುಸು ಗೊಗ್ಗರು. ಇನ್ನಿಬ್ಬರು ಮಕ್ಕಳು ಅವಳ ಮಾತಿಗೆ ತಮ್ಮದನ್ನೂ ಸೇರಿಸಿದರು.

ಸಂಜೆ ಆ ಭಾಗವನ್ನು ನಾಲ್ಕು ಸಲ ಕೇಳಿ, ಹಿಂದೂಪುರಕ್ಕೆ ಫೋನ್ ಮಾಡಿದರು. ಮಗಳು ಎತ್ತಿಕೊಂಡು, "ಅಪ್ಪ ಮಲಗವ್ರೆ. ಏನಾದ್ರೂ ಹೇಳ್ಬೇಕಿತ್ತಾ?" ಎಂದಳು.

"ಏನಿಲ್ರಿ. ಹುಡುಗ್ರು ಮಾತಾಡಾಕತ್ತಾವ ಅಂತ ಹೇಳ್ರಿ."

ಫೋನಿಟ್ಟು ಎದ್ದು, ಒಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟರು.